ದುಗ್ಗಮ್ಮನ ರೀಪು

ನರಸಪ್ಪ ದಾಸರ ಮಾನ ಹೊಳೆಯಲ್ಲಿ ಹೋಯಿತು ಅನ್ನುತ್ತಾರೆ ಜನ. ಸುಳ್ಳು. ಹೊಳೆಗೆ ಇಳಿಯುವ ಹೊತ್ತಿಗೆ ಹೋಗುವುದಕ್ಕೆ ಏನೂ ಉಳಿದಿರಲಿಲ್ಲ. ಅದು ಹೋದದ್ದು ದಂಡೆಯ ಮೇಲೆ, ಮಟಮಟ ಮಧ್ಯಾಹ್ನ, ಉಳಿದವರೆಲ್ಲ ಊಟಕ್ಕೆ ಕೂತಿದ್ದಾಗ.

ಆ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ಗೋಪುರ, ಗಂಟೆ ಏನಿಲ್ಲ. ಕೆಲವು ಸೋಗೆ ಮನೆ, ಒಂದು ಅಡುಗೆಮನೆ, ಮರ ಕೊಯ್ಯುವುದಕ್ಕೆ ಒಂದು ಚಪ್ಪರ. ಅಲ್ಲಿದ್ದ ಗುರುವನ್ನು ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು.

ಉಪದೇಶ ಬೇಕು ಅಂತ ಬಂದವರಿಗೆ ಅಜ್ಜಯ್ಯ ಉಪದೇಶ ಕೊಡುತ್ತಿರಲಿಲ್ಲ. ಹೆಬ್ಬಲಸಿನ ಹಲಗೆ ಕೊಡುತ್ತಿದ್ದರು.

"ಇದನ್ನು ಸೀಳು. ಬೆರಳು ದಪ್ಪದ ರೀಪು ಮಾಡು. ರೀಪು ಬಾಗಿಸಿ ದೋಣಿ ಕಟ್ಟು. ನೀನೊಬ್ಬ ಕೂರುವಷ್ಟು ಸಾಕು. ಅದರಲ್ಲಿ ಹೊಳೆ ದಾಟಿ ಬಾ. ಮಂತ್ರ ಆಚೆ ದಂಡೆಯಲ್ಲಿ ಹೇಳುತ್ತೇನೆ."

"ರೀಪು ಪೇಟೆಯಲ್ಲೇ ಸಿಗುತ್ತದಲ್ಲ, ಅಜ್ಜಯ್ಯ?" ಅಂತ ಕೇಳಿದವರೂ ಇದ್ದರು.

"ಮಂತ್ರವೂ ಪೇಟೆಯಲ್ಲಿ ಸಿಗುತ್ತದೆ. ಎರಡನ್ನೂ ಒಟ್ಟಿಗೇ ಕೊಂಡುಕೋ, ಹೋಗು."

ಅಜ್ಜಯ್ಯ ಆಚೆ ದಂಡೆಗೆ ಹೋಗಿ ಕೂರುತ್ತಿದ್ದುದು ವರ್ಷಕ್ಕೊಂದೇ ದಿನ, ಮಳೆ ಹಿಡಿಯುವುದಕ್ಕೆ ಮುಂಚಿನ ಹುಣ್ಣಿಮೆಗೆ. ಆ ದಿನ ದಾಟಿದವರಿಗೆ ಮಂತ್ರ. ದಾಟದವರು ಮತ್ತೆ ಗರಗಸ ಹಿಡಿಯಬೇಕು.

ಇನ್ನೊಂದು ಕಟ್ಟಳೆ ಇತ್ತು. ರೀಪಿನ ಮೇಲೆ ಹೆಸರು ಬರೆಯುವ ಹಾಗಿಲ್ಲ, ಗುರುತು ಹಾಕುವ ಹಾಗಿಲ್ಲ.

"ಅದಲುಬದಲಾದರೆ?" ಅಂದರೆ ಅಜ್ಜಯ್ಯ ಹೇಳುತ್ತಿದ್ದುದು ಇಷ್ಟೇ: "ಕೊಯ್ದವರಿಗೆ ತಮ್ಮದು ಗೊತ್ತಿರುತ್ತದೆ."

ಇಂಥ ಜಾಗಕ್ಕೆ ಬಂದರು ನಮ್ಮ ದಾಸರು.

ನರಸಪ್ಪ ದಾಸರು ಅಂದರೆ ಸಾಮಾನ್ಯರಲ್ಲ. ಹರಿಕಥೆಗೆ ನಿಂತರೆ ಗಂಡಸರೂ ಮೂಗು ಒರೆಸಿಕೊಳ್ಳಬೇಕು. ಜರಿ ಅಂಚಿನ ಪಂಚೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಚಿಟಿಕೆ ತಾಳ. ಗುರುಭಕ್ತಿಯ ಕಥೆ ಹೇಳುವಾಗಂತೂ ಎದೆ ಮುಟ್ಟಿಕೊಂಡು ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಿದ್ದರು. ಬೇಕೆಂದಾಗ ಬರುವ ನೀರು ಅದು.

ಯಾರೋ ಒಬ್ಬ ಸಭೆಯಲ್ಲಿ ಎದ್ದು ಕೇಳಿಬಿಟ್ಟ: "ದಾಸರೇ, ಊರಿಗೆಲ್ಲ ಗುರುಮಹಿಮೆ ಹೇಳುತ್ತೀರಿ. ನಿಮ್ಮ ಗುರು ಯಾರು?"

ದಾಸರಿಗೆ ಗುರು ಇರಲಿಲ್ಲ. ಆ ರಾತ್ರಿ ಕಥೆಯನ್ನು ಅರ್ಧಕ್ಕೇ ಮಂಗಳ ಹಾಡಿ ಮುಗಿಸಿದರು. ಮರುದಿನ ಗಂಟುಮೂಟೆ ಕಟ್ಟಿದರು. ಹೊರಡುವಾಗ ಶಿಷ್ಯಕೋಟಿಗೆ ಹೇಳಿದರು, "ಹುಣ್ಣಿಮೆಗೆ ಹೊಳೆದಂಡೆಗೆ ಬನ್ನಿ. ನಾನು ದಾಟುವುದನ್ನು ಕಣ್ಣಾರೆ ನೋಡಿ."

ಗರಗಸ ಮುಟ್ಟಿದವರಲ್ಲ, ಮರ ತಿಳಿದವರಲ್ಲ. ಡಂಗುರ ಮಾತ್ರ ಮೊದಲೇ ಹೊಡೆಸಿದ್ದಾಯಿತು.

ಅದೇ ವರ್ಷ ಹಲಗೆ ತೆಗೆದುಕೊಂಡ ಇನ್ನೊಬ್ಬಳು ದುಗ್ಗಮ್ಮ.

ಗಂಡ ಬಿಟ್ಟವಳು ಅಂತ ಕೆಲವರು, ಗಂಡನನ್ನು ಬಿಟ್ಟವಳು ಅಂತ ಕೆಲವರು. ಅಡುಗೆಮನೆಯ ಸೇಸಮ್ಮನ ಹತ್ತಿರ ಬೇರೆಯದೇ ಒಂದು ಕಥೆ ಇತ್ತು. ಅದರಲ್ಲಿ ಒಬ್ಬ ಬಳೆಗಾರ ಬರುತ್ತಿದ್ದ. ದುಗ್ಗಮ್ಮ ಮಾತ್ರ ಯಾವುದಕ್ಕೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅದರಿಂದ ಕಥೆಗಳು ಇನ್ನಷ್ಟು ಬೆಳೆದವು.

ಈಜು ಬಾರದವಳು. ಆದರೂ ದೋಣಿ ಕಟ್ಟುತ್ತೇನೆ ಅಂತ ಕೂತಿದ್ದಳು.

ಅವಳ ಕೆಲಸವೋ, ನೋಡಿದವರಿಗೆ ನಿದ್ದೆ ಬರಬೇಕು. ಬೆಳಿಗ್ಗೆ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಬಿಸಿಲು ಏರುವ ತನಕ ಗರಗಸ ಮುಟ್ಟುತ್ತಿರಲಿಲ್ಲ. ಹಲಗೆಯ ಮೇಲೆ ಬೆರಳಾಡಿಸುತ್ತ ನೋಡುವುದೇ ನೋಡುವುದು.

"ಏನು ದುಗ್ಗಮ್ಮ, ಹಲಗೆಗೆ ದೃಷ್ಟಿ ತೆಗೆಯುತ್ತಿದ್ದೀಯಾ?" ಅಂದರು ದಾಸರು.

"ಮರದ ಎಳೆ ಯಾವ ಕಡೆ ಹೋಗಿದೆ ಅಂತ ನೋಡುತ್ತಿದ್ದೇನೆ, ದಾಸರೇ."

"ಹೋಗುವುದು ಎಲ್ಲಿಗೆ? ಮರ ಸತ್ತು ಎಷ್ಟು ಕಾಲವಾಯಿತೋ!"

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ದುಗ್ಗಮ್ಮನೂ ಸ್ವಲ್ಪ ನಕ್ಕಳು. ಆಮೇಲೆ ಎಳೆ ಎಲ್ಲಿ ಬಾಗಿದೆಯೋ ಅಲ್ಲಿ ತಾನೂ ಬಾಗಿ, ನಿಧಾನವಾಗಿ ಕೊಯ್ದಳು.

ದಾಸರ ರೀತಿಯೇ ಬೇರೆ. ಹಲಗೆಯ ಈ ತುದಿಯಿಂದ ಆ ತುದಿಗೆ ಕೆಮ್ಮಣ್ಣು ಹಚ್ಚಿದ ದಾರ ಎಳೆದು ಹಿಡಿದು ಟಪ್ ಅಂತ ಬಡಿಯುತ್ತಿದ್ದರು. ಕೆಂಪು ಗೆರೆ ಮೂಡುತ್ತಿತ್ತು. ಆ ಗೆರೆಯ ಮೇಲೆ ಗರಗಸ ಓಡಿಸುತ್ತಿದ್ದರು. ನೆಟ್ಟಗೆ, ಕಣ್ಣಿಗೆ ಹಬ್ಬವಾಗುವ ಹಾಗೆ.

ಅಜ್ಜಯ್ಯ ಒಂದು ದಿನ ಬಂದು ನಿಂತು ನೋಡಿದರು.

"ನರಸಪ್ಪ, ಈ ಗೆರೆ ಯಾರದು?"

"ನಾನು ಹೊಡೆದದ್ದು, ಅಜ್ಜಯ್ಯ."

"ಹೌದು, ನಿನ್ನದೇ. ಮರದ್ದು ಇಲ್ಲಿದೆ." ಅಜ್ಜಯ್ಯ ಉಗುರಿನಿಂದ ಹಲಗೆಯ ಎಳೆಯನ್ನು ತೋರಿಸಿದರು. ಅದು ಕೆಂಪು ಗೆರೆಯನ್ನು ಅಡ್ಡ ದಾಟಿ ಹೊರಗೆ ಹೋಗಿತ್ತು. "ಯಾವುದನ್ನು ಕೊಯ್ಯುತ್ತೀಯ?"

ದಾಸರು ತಲೆದೂಗಿದರು. ಎಂಥ ಮಾತು ಅಂತ ಸಂಜೆ ಅದನ್ನೇ ರಾಗ ಹಚ್ಚಿ ಎಲ್ಲರಿಗೂ ಹೇಳಿದರು. ಮಾರನೆಯ ಬೆಳಿಗ್ಗೆ ಮತ್ತೆ ದಾರ ಹಿಡಿದರು.

ಕೊಯ್ದದ್ದಾಯಿತು, ಕೀಸುಳಿ ಹಾಕಿ ನಯ ಮಾಡಿದ್ದಾಯಿತು. ನಯವಾದ ಮೇಲೆ ಎಲ್ಲರ ರೀಪೂ ಮೇಲುನೋಟಕ್ಕೆ ಒಂದೇ. ಚಪ್ಪರದ ನೆರಳಿನಲ್ಲಿ ದಾಸರ ರಾಶಿ ಒಂದು ಕಡೆ, ಅದರ ಪಕ್ಕದಲ್ಲೇ ದುಗ್ಗಮ್ಮನ ರಾಶಿ.

ಆಗ ಬಂತು ಆ ಮಧ್ಯಾಹ್ನ.

ಎಲ್ಲರೂ ಊಟಕ್ಕೆ ಹೋಗಿದ್ದರು. ದಾಸರಿಗೆ ಅವಸರ. ಒಂದು ರೀಪು ತೆಗೆದು ದೋಣಿಯ ಮೂತಿಯ ಅಚ್ಚಿನ ಮೇಲೆ ಇಟ್ಟು ಬಾಗಿಸಿದರು. ದೋಣಿಯಲ್ಲಿ ರೀಪು ಹೆಚ್ಚು ಬಾಗಬೇಕಾದದ್ದು ಅಲ್ಲೇ.

ಲಟಕ್ ಅಂತ ಮುರಿಯಿತು.

ಇನ್ನೊಂದು ತೆಗೆದರು. ಅದೂ ಮುರಿಯಿತು. ಮತ್ತೊಂದು. ಅದೂ ಹಾಗೆಯೇ, ಎಳೆ ಹೊರಗೆ ಹೋದಲ್ಲೇ ಸೀಳಿಕೊಂಡು ಎರಡಾಯಿತು.

ಹುಣ್ಣಿಮೆ ಹತ್ತಿರ. ಮದ್ದಲೆ, ತಾಳ, ಹೂವಿನ ಹಾರ ಹಿಡಿದುಕೊಂಡು ಜನ ಬರುತ್ತಾರೆ. ಇವರು ಮುರುಕು ಕಡ್ಡಿ ಹಿಡಿದು ನಿಂತಿರಬೇಕು.

ಅಡುಗೆಮನೆಯಿಂದ ಸೇಸಮ್ಮನ ಧ್ವನಿ ಕೇಳುತ್ತಿತ್ತು. "ದುಗ್ಗಮ್ಮಾ, ಇನ್ನೊಂದು ಸೌಟು ಸಾರು ಬಡಿಸು ಆ ಸಾಲಿಗೆ!"

ದಾಸರು ಪಕ್ಕದ ರಾಶಿಯಿಂದ ಒಂದು ರೀಪು ತೆಗೆದರು. ಬರೀ ನೋಡೋಣ ಅಂತ. ಅಚ್ಚಿನ ಮೇಲೆ ಬಾಗಿಸಿದರು. ಎಳೆಮಗುವಿನ ತೋಳಿನ ಹಾಗೆ ಬಾಗಿತು.

ಆಮೇಲೆ ಬರೀ ನೋಡುವುದೇನು ಉಳಿಯಿತು? ಎರಡು ಕೈಯಲ್ಲಿ ಅವಳ ರೀಪು ಬಾಚಿಕೊಂಡರು. ಅಷ್ಟೇ ರೀಪು ತಮ್ಮದರಿಂದ ಅವಳ ರಾಶಿಗೆ ಇಟ್ಟರು. ಮುರಿದ ತುಂಡುಗಳನ್ನು ಮರದ ಹೊಟ್ಟಿನ ಗುಡ್ಡೆಯೊಳಗೆ ಹುಗಿದರು. ಕೈ ತೊಳೆದುಕೊಂಡು ಊಟಕ್ಕೆ ಹೋದರು. ಸಾರು ಬಡಿಸಿದವಳು ದುಗ್ಗಮ್ಮನೇ.

"ದಾಸರಿಗೆ ಇವತ್ತು ತಡವಾಯಿತಲ್ಲ" ಅಂದಳು.

"ಜಪ ಸ್ವಲ್ಪ ಹೆಚ್ಚಾಯಿತಮ್ಮ" ಅಂದರು ದಾಸರು.

ಎರಡು ದಿನ ಕಳೆದು ದುಗ್ಗಮ್ಮ ತನ್ನ ದೋಣಿ ಬಾಗಿಸುವುದಕ್ಕೆ ಕೂತಳು.

ಲಟಕ್.

ಎಲ್ಲರೂ ತಿರುಗಿ ನೋಡಿದರು. ಮತ್ತೆ ಲಟಕ್. ದುಗ್ಗಮ್ಮ ಮುರಿದ ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇವು ನನ್ನವು ಅನ್ನಿಸುತ್ತಿಲ್ಲ" ಅಂತ ಮೆಲ್ಲಗೆ ಅಂದಳು.

ಸೇಸಮ್ಮ ಬಿಡುತ್ತಾಳೆಯೇ? "ಮತ್ತೆ ಯಾರವು? ಬಳೆಗಾರ ಕೊಯ್ದು ಕೊಟ್ಟನಾ?"

ಚಪ್ಪರವೆಲ್ಲ ನಗು. ದುಗ್ಗಮ್ಮ ತಲೆ ತಗ್ಗಿಸಿದಳು. ಹುಟ್ಟಿದಾಗಿನಿಂದ ತಪ್ಪೆಲ್ಲ ನಿನ್ನದೇ ಅನ್ನಿಸಿಕೊಂಡು ಬಂದವಳು. ಈ ಸಲವೂ ಹಾಗೆಯೇ ಇರಬೇಕು ಅಂದುಕೊಂಡಳು.

ದಾಸರು ಆಗ ಸುಮ್ಮನಿದ್ದಿದ್ದರೆ ಪಾಪ ಅರ್ಧವಾದರೂ ಕಡಿಮೆ ಇರುತ್ತಿತ್ತು. ಇರಲಿಲ್ಲ. ಹತ್ತು ಜನ ಸೇರಿದಲ್ಲಿ ಸುಮ್ಮನಿದ್ದು ಅಭ್ಯಾಸವಿಲ್ಲದ ಬಾಯಿ ಅದು.

"ಮರಕ್ಕೂ ತಿಳಿಯುತ್ತದೆ ಕಣ್ರಯ್ಯ, ತನ್ನನ್ನು ಮುಟ್ಟಿದ ಕೈ ಎಂಥದು ಅಂತ. ಸಂಸಾರ ಹಿಡಿದು ನಿಲ್ಲಿಸಲಾಗದ ಕೈಗೆ ರೀಪು ನಿಲ್ಲುತ್ತದೆಯೇ?"

"ಆಹಾ!" ಅಂದರು ಯಾರೋ.

ದುಗ್ಗಮ್ಮ ಮುರಿದ ತುಂಡುಗಳನ್ನು ಮಡಿಲಿಗೆ ಹಾಕಿಕೊಂಡು ಎದ್ದುಹೋದಳು.

ದಾಸರ ನಗು ಇನ್ನೂ ಮುಖದ ಮೇಲೆ ಇತ್ತು. ತೆಗೆಯುವುದು ಹೇಗೆ ಅಂತ ತಿಳಿಯಲಿಲ್ಲ.

ಉಳಿದ ರೀಪುಗಳನ್ನು ಅವಳು ಬಿಸಿನೀರಿನಲ್ಲಿ ನೆನೆಸಿದಳು. ಅಂಗುಲ ಅಂಗುಲವಾಗಿ ಬಾಗಿಸಿದಳು. ಕತ್ತದ ಹುರಿಯಿಂದ ಬಿಗಿದು ಕಟ್ಟಿದಳು. ಬಿರುಕು ಬಿಟ್ಟಲ್ಲಿ ರಾಳ ತುಂಬಿ, ಮೇಲೆ ಗೇರೆಣ್ಣೆ ಬಳಿದಳು. ದೋಣಿಯ ಆಕಾರವೇನೋ ಬಂತು. ನೀರಿನ ಸೆಳೆತ ತಗುಲಿದರೆ ಅದು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಆಶ್ರಮದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಅಷ್ಟರಲ್ಲಿ ದಾಸರ ದೋಣಿಯೂ ಮುಗಿಯಿತು. ನೋಡಿದವರೆಲ್ಲ ಹೊಗಳಿದರು. ಅಜ್ಜಯ್ಯನೂ ಬಂದರು. ಮೂತಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಉದ್ದಕ್ಕೂ ಸವರಿದರು.

"ಒಳ್ಳೆಯ ಬಾಗು. ಇದನ್ನು ಕೊಯ್ದ ಕೈ ಒಳ್ಳೆಯ ಕೈ."

"ಎಲ್ಲ ನಿಮ್ಮ ಆಶೀರ್ವಾದ, ಅಜ್ಜಯ್ಯ."

"ನನ್ನ ಆಶೀರ್ವಾದಕ್ಕೆ ಗರಗಸ ಹಿಡಿಯುವುದಕ್ಕೆ ಬರುವುದಿಲ್ಲ." ಅಜ್ಜಯ್ಯ ಕಣ್ಣು ತೆರೆದರು. "ಒಂದು ಕೆಲಸ ಮಾಡು. ದುಗ್ಗಮ್ಮನ ರೀಪು ಮುರಿದವಂತೆ. ಈ ಮೂತಿಯ ರೀಪು ಹೇಗೆ ಕೊಯ್ದದ್ದು ಅಂತ ಅವಳಿಗೆ ಕಲಿಸು."

"ನಾನಾ?"

"ಮತ್ತೆ ಯಾರು? ಕೊಯ್ದವನು ನೀನೇ ತಾನೆ?"

ದಾಸರು ಹೂಂ ಅಂದರು.

ಪಾಠ ಶುರುವಾಯಿತು. ಚಪ್ಪರದಲ್ಲಿ ಅವರಿಬ್ಬರೇ. ದುಗ್ಗಮ್ಮ ಕೈಕಟ್ಟಿ ನಿಂತಳು. ನಿಜವಾದ ಶಿಷ್ಯೆಯ ಹಾಗೆ.

ದಾಸರು ದಾರ ತೆಗೆದರು.

"ದಾರ ಯಾಕೆ ದಾಸರೇ? ಅಜ್ಜಯ್ಯ ಎಳೆ ನೋಡು ಅಂದಿದ್ದರಲ್ಲ?"

"ಮೊದಲು ದಾರ. ಆಮೇಲೆ ಎಳೆ."

ಗೆರೆ ಹೊಡೆದರು. ಕೊಯ್ದರು. ದುಗ್ಗಮ್ಮ ಆ ರೀಪಿಗೆ ಕೀಸುಳಿ ಹಾಕಿದಳು. ಅಚ್ಚಿನ ಮೇಲೆ ಇಟ್ಟು ಬಾಗಿಸಿದಳು.

ಲಟಕ್.

ಅವಳು ಮುರಿದ ಜಾಗವನ್ನು ನೋಡಿದಳು. ಹೊರಗೆ ಹೋಗಿ ಹಿಂದೆ ಮುರಿದ ತನ್ನ ತುಂಡೊಂದನ್ನು ತಂದಳು. ಎರಡನ್ನೂ ಪಕ್ಕಪಕ್ಕ ಇಟ್ಟಳು. ಎಳೆ ಎರಡರಲ್ಲೂ ಒಂದೇ ರೀತಿ ಅಡ್ಡ ಹರಿದು ಹೊರಗೆ ಹೋಗಿತ್ತು.



ದುಗ್ಗಮ್ಮ ಅವರ ದೋಣಿಯ ಹತ್ತಿರ ಹೋದಳು. ಮೂತಿಯ ರೀಪುಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತ ಬಂದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಗಂಟು, ಅದನ್ನು ಬಳಸಿಕೊಂಡು ಹೋದ ಎಳೆ.

"ಈ ಗಂಟನ್ನು ಬಳಸುವುದಕ್ಕೆ ನನಗೆ ಒಂದು ಬೆಳಗು ಹಿಡಿದಿತ್ತು" ಅಂದಳು. ದೋಣಿಗೆ ಹೇಳಿದ ಹಾಗಿತ್ತು.

ಅಷ್ಟರಲ್ಲಿ ಸೇಸಮ್ಮ ಸೌದೆಗೆ ಬಂದಳು. ಚಪ್ಪರದ ಅಂಚಿನಲ್ಲೇ ಕಣ್ಣರಳಿಸಿ ನಿಂತಳು. "ಏನು, ಇಬ್ಬರೂ ಮುಖ ಬಿಳುಚಿಕೊಂಡು ನಿಂತಿದ್ದೀರಿ? ಪಾಠ ಎಲ್ಲಿಗೆ ಬಂತು?"

ಆಗತಾನೆ ಮುರಿದ ದಾಸರ ರೀಪು ಕಾಲ ಬಳಿಯೇ ಬಿದ್ದಿತ್ತು. ಇನ್ನೇನು ಸೇಸಮ್ಮನ ಕಣ್ಣು ಅದರ ಮೇಲೆ ಬೀಳಬೇಕು. ಬಿದ್ದರೆ ಸಂಜೆಯೊಳಗೆ ಊರಿಗೆ ಊರೇ ಅದನ್ನು ತಿನ್ನುತ್ತದೆ.

ದುಗ್ಗಮ್ಮ ಬರಿಗಾಲಿನಿಂದ ಒಂದಿಷ್ಟು ಹೊಟ್ಟನ್ನು ಅದರ ಮೇಲೆ ಸರಿಸಿದಳು.

"ಪಾಠ ಮುಗಿಯಿತು ಸೇಸಕ್ಕ. ದಾಸರು ಚೆನ್ನಾಗಿ ಹೇಳಿಕೊಟ್ಟರು."

ಕೆನ್ನೆಗೆ ಎರಡು ಬಿಟ್ಟಿದ್ದರೂ ದಾಸರು ತಡೆದುಕೊಳ್ಳುತ್ತಿದ್ದರು. ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದರು. ಆ ಕಾಲು ಹೊಟ್ಟು ಸರಿಸಿದ್ದನ್ನು ಮಾತ್ರ ನೋಡಲಾಗಲಿಲ್ಲ.

ಸೇಸಮ್ಮ ಹೋದ ಮೇಲೆ ದಾಸರು ತುಟಿ ಒದ್ದೆ ಮಾಡಿಕೊಂಡರು. "ದುಗ್ಗಮ್ಮಾ..."

"ನನಗೆ ಹೇಳಬೇಡಿ ದಾಸರೇ. ನನಗೆ ಗೊತ್ತಾಯಿತಲ್ಲ."

"ಅಜ್ಜಯ್ಯನಿಗೆ... ನೀನು ಹೇಳುತ್ತೀಯಾ?"

ನೋಡಿ, ಆಗಲೂ ಕೇಳಿದ್ದು ಇದನ್ನೇ.

ದುಗ್ಗಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಾನು ಹೇಳಿದರೆ ಯಾರು ನಂಬುತ್ತಾರೆ? ಬಳೆಗಾರನ ಜೊತೆ ಇನ್ನೊಂದು ಕಥೆ ಸೇರುತ್ತದೆ ಅಷ್ಟೇ."

ಹುಣ್ಣಿಮೆಗೆ ಇನ್ನು ದಿನವಿರಲಿಲ್ಲ. ಹೊಸ ರೀಪು ಕೊಯ್ದು ಒಣಗಿಸುವಷ್ಟು ಹೊತ್ತು ಯಾರಿಗೂ ಇರಲಿಲ್ಲ. ದಾಸರು ಎದೆ ಗಟ್ಟಿ ಮಾಡಿಕೊಂಡು ಅಜ್ಜಯ್ಯನ ಹತ್ತಿರ ಹೋದರು. ಹೇಳಿಬಿಡಬೇಕು ಅಂತಲೇ ಹೋದರು.

"ಅಜ್ಜಯ್ಯ, ದುಗ್ಗಮ್ಮನನ್ನು ಹೊಳೆಗೆ ಬಿಡಬೇಡಿ. ಅವಳ ದೋಣಿ ತಡೆಯುವುದಿಲ್ಲ. ಅವಳಿಗೆ ಈಜೂ ಬರುವುದಿಲ್ಲ."

"ದೋಣಿ ಯಾಕೆ ತಡೆಯುವುದಿಲ್ಲ?"

"ರೀಪು ಸರಿ ಇಲ್ಲ."

"ಯಾರ ರೀಪು?"

ಹೊರಗೆ ಕಾಗೆ ಕೂಗಿತು. ಅಜ್ಜಯ್ಯ ಕಾಯುತ್ತಿದ್ದರು.

"ಅವಳ ದೋಣಿಯ ರೀಪು" ಅಂದರು ದಾಸರು.

"ಅಷ್ಟು ಗೊತ್ತಿದ್ದರೆ ನೀನೇ ಹೋಗಿ ಅವಳನ್ನು ತಡೆ."

ಹೋದರು. ದುಗ್ಗಮ್ಮ ದೋಣಿಗೆ ಕೊನೆಯ ಸಲ ಎಣ್ಣೆ ಬಳಿಯುತ್ತಿದ್ದಳು.

"ನಾಳೆ ನೀನು ದಾಟಬೇಡ ದುಗ್ಗಮ್ಮ. ಕೈ ಮುಗಿಯುತ್ತೇನೆ."

"ಯಾಕೆ ದಾಟಲಿಲ್ಲ ಅಂತ ಕೇಳಿದರೆ ಏನು ಹೇಳಲಿ? ಹೆದರಿದೆ ಅನ್ನಲಾ? ಕೈ ಕೆಟ್ಟದ್ದು ಅನ್ನಲಾ?" ಅವಳು ಎಣ್ಣೆಯ ಕೈಯನ್ನು ಎತ್ತಿ ತೋರಿಸಿದಳು. "ಈ ಕೈಯ ವಿಷಯ ನೀವು ಹತ್ತು ಜನರ ಎದುರಿಗೆ ಹೇಳಿದಿರಿ. ಅದೇ ಜನರ ಎದುರಿಗೆ ಇನ್ನೊಂದು ಮಾತು ಹೇಳಿ. ನಾನು ನಿಲ್ಲುತ್ತೇನೆ."

"ನನ್ನ ಕಡೆಯವರೆಲ್ಲ ಬರುತ್ತಾರಮ್ಮ."

"ಬರಲಿ. ಕೇಳುವವರು ಹೆಚ್ಚಾದರೆ ಒಳ್ಳೆಯದೇ ಅಲ್ಲವಾ?"

ದಾಸರು ತಿರುಗಿ ಬಂದರು.

ಹುಣ್ಣಿಮೆಯ ಬೆಳಿಗ್ಗೆ ದಂಡೆಯ ಮೇಲೆ ಜಾತ್ರೆಯಷ್ಟು ಜನ. ಅರ್ಧಕ್ಕಿಂತ ಹೆಚ್ಚು ದಾಸರ ಕಡೆಯವರೇ. ಮದ್ದಲೆ ಬಡಿಯುವವರು ಬಡಿಯುತ್ತಿದ್ದರು. ಹೆಂಗಸರು ಆರತಿ ತಟ್ಟೆ ಹಿಡಿದಿದ್ದರು. ದಾಸರ ಕೊರಳಿಗೆ ಚೆಂಡುಹೂವಿನ ದಪ್ಪ ಹಾರ ಬಿತ್ತು. ಹಾರದ ಭಾರಕ್ಕೋ ಏನೋ, ಕತ್ತು ಮೇಲೇಳಲಿಲ್ಲ.

ಅಜ್ಜಯ್ಯ ನಸುಕಿನಲ್ಲೇ ದಾಟಿ ಆಚೆ ದಂಡೆಯ ಕಲ್ಲಿನ ಮೇಲೆ ಕೂತಿದ್ದರು. ಇಲ್ಲಿಂದ ನೋಡಿದರೆ ಒಂದು ಬಿಳಿ ಚುಕ್ಕೆ.

ದುಗ್ಗಮ್ಮ ತನ್ನ ದೋಣಿಯನ್ನು ನೀರಿಗೆ ತಳ್ಳಿದಳು. ಹೊಳೆಯ ನೀರನ್ನು ಕಣ್ಣಿಗೆ ಒತ್ತಿಕೊಂಡಳು. ಹತ್ತಿ ಕೂತಳು. ದಾಸರ ಕಡೆ ಒಮ್ಮೆ ನೋಡಿದಳು. ಹೇಳುತ್ತಾರೇನೋ ಅಂತ ಕಾದ ನೋಟ ಅದು. ಆಮೇಲೆ ಹುಟ್ಟು ಕೈಗೆ ತೆಗೆದುಕೊಂಡಳು.

ಮೊಣಕಾಲುದ್ದ ನೀರಿನಲ್ಲೇ ಮೂತಿಯ ಒಂದು ಬಿರುಕು ಬಾಯಿ ತೆರೆಯಿತು. ಸಣ್ಣಗೆ ನೀರು ಒಸರುವುದು ದಾಸರಿಗೆ ಕಂಡಿತು.

ದಾಸರು ಓಡಿದರು. ಜರಿ ಪಂಚೆ, ಹಾರ, ಗೆಜ್ಜೆ ಎಲ್ಲದರ ಸಮೇತ ನೀರಿಗೆ ನುಗ್ಗಿ ಅವಳ ದೋಣಿಯ ಅಂಚು ಹಿಡಿದರು.

"ಇಳಿ."

"ಯಾಕೆ?"

"ಇಳಿ ಅಂದೆನಲ್ಲ. ಆ ದೋಣಿಯಲ್ಲಿ ಹೋಗು. ಅದರ ಮೂತಿ ನಿನ್ನದು. ಇದು ನನ್ನದು."

ಬಾಯಿಂದ ಬಂದದ್ದು ಪಿಸುಮಾತು. ಅವಳಿಗೊಬ್ಬಳಿಗೇ ಕೇಳಿತು.

ದುಗ್ಗಮ್ಮ ಇಳಿದಳು. ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಾಸರ ದೋಣಿ ಹತ್ತಿದಳು. ದಾಸರು ಅವಳ ದೋಣಿಯಲ್ಲಿ ಕೂತರು.

ದಂಡೆಯ ಮೇಲಿನವರಿಗೆ ಕಂಡದ್ದು ಇಷ್ಟೇ. ತಮ್ಮ ದಾಸರು ತಮ್ಮ ಚೆಂದದ ದೋಣಿಯನ್ನು ಗತಿಯಿಲ್ಲದ ಹೆಂಗಸಿಗೆ ಕೊಟ್ಟು, ಅವಳ ಹರಕು ದೋಣಿಯನ್ನು ತಾವು ಹತ್ತಿದರು.

"ತ್ಯಾಗಮೂರ್ತಿ ನರಸಪ್ಪ ದಾಸರಿಗೆ..." ಅಂತ ಒಬ್ಬ ಕಿರುಚಿದ.

"ಜೈ!" ಅಂತು ದಂಡೆ.

ಮುದುಕಿಯೊಬ್ಬಳು ಅಲ್ಲೇ ಮರಳಿನ ಮೇಲೆ ಅಡ್ಡಬಿದ್ದಳು. ಸೇಸಮ್ಮ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದಾಸರು ಬಾಯಿ ತೆರೆದರು. ಅಲ್ಲ ಕಣ್ರಯ್ಯ ಅನ್ನಬೇಕು, ಅಷ್ಟೇ. ಮತ್ತೆ ಜೈಕಾರ ಬಂತು. ಒಳಗೆ ಎಲ್ಲೋ ಬೆಲ್ಲ ಕರಗಿದ ಹಾಗಾಯಿತು. ಹೋಗಲಿ, ಹೇಗೂ ಸರಿಯಾಯಿತಲ್ಲ ಅನ್ನಿಸಿತು.

ತೆರೆದ ಬಾಯಿ ಮುಚ್ಚಿತು. ಎರಡೂ ಕೈ ಎತ್ತಿ ದಂಡೆಗೆ ನಮಸ್ಕಾರ ಮಾಡಿದರು. ಹರಿಕಥೆಯ ಕೊನೆಯಲ್ಲಿ ಮಾಡುವ ಹಾಗೆಯೇ.

ಕೈ ಇಳಿಸುವಷ್ಟರಲ್ಲಿ ಅವರಿಗೇ ತಿಳಿಯಿತು, ಏನು ಮಾಡಿದೆ ಅಂತ. ಇನ್ನು ದಂಡೆಯ ಕಡೆ ತಿರುಗಿ ನೋಡುವ ಮುಖ ಉಳಿಯಲಿಲ್ಲ. ಹುಟ್ಟು ಹಾಕಿದರು.

ನಡುಹೊಳೆಯಲ್ಲಿ ಸೆಳೆತ ತಗುಲಿತು. ಲಟಕ್ ಅಂತು ಒಂದು ರೀಪು. ಅದರ ಹಿಂದೆಯೇ ಇನ್ನೊಂದು. ಎಲ್ಲ ಆ ಕೆಂಪು ಗೆರೆಯ ಮೇಲೆ ನೆಟ್ಟಗೆ ಕೊಯ್ದವೇ. ಮೂತಿ ದಾಳಿಂಬೆಯ ಹಾಗೆ ಬಿರಿಯಿತು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ದೋಣಿ ಕೆಳಗೆ ಹೋಯಿತು.

ದಾಸರು ಈಜಿದರು. ಪಂಚೆ ಕಾಲಿಗೆ ಸುತ್ತಿಕೊಂಡಿತು. ಮುಳುಗುತ್ತ, ಏಳುತ್ತ, ನೀರು ಕುಡಿಯುತ್ತ ಹೋದರು. ಹಿಂದಿನ ದಂಡೆಯಲ್ಲಿ ಜೈಕಾರ ಇನ್ನೂ ಜೋರಾಯಿತು. ಅವರಿಗೆ ಇದೂ ತ್ಯಾಗವೇ.

ಆಚೆ ದಂಡೆಗೆ ಅಂಬೆಗಾಲಿನಲ್ಲಿ ಬಂದು ಬಿದ್ದರು. ಕೆಸರು, ಪಾಚಿ, ಕೊರಳಲ್ಲಿ ಹೂವಿಲ್ಲದ ಬರೀ ದಾರ.

ದುಗ್ಗಮ್ಮ ಆಗಲೇ ಬಂದಿದ್ದಳು. ಅಜ್ಜಯ್ಯ ಅವಳ ಕಿವಿಯಲ್ಲಿ ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದರು. ಅವಳು ಎದ್ದು ಬಂದು ದಾಸರ ಪಂಚೆಯ ತೊಡಕು ಬಿಡಿಸಿದಳು. ಹೋಗಿ ದೂರ ಕೂತಳು.

ದಾಸರು ಅಜ್ಜಯ್ಯನ ಕಾಲು ಹಿಡಿದರು.

"ಏಳು ನರಸಪ್ಪ. ಆಚೆ ಅವರು ಏನೋ ಕೂಗುತ್ತಿದ್ದಾರಲ್ಲ, ಏನದು?"

 

"ತ್ಯಾಗಮೂರ್ತಿ ಅಂತ."

"ಯಾರಿಗೆ?"

"ನನಗೆ."

"ಏನು ತ್ಯಾಗ ಮಾಡಿದೆ?"

ದಾಸರು ಅತ್ತರು. ಬೇಕೆಂದಾಗ ಬರುವ ನೀರಲ್ಲ. ಮೂಗು ಬಾಯಿ ಎಲ್ಲದರಿಂದಲೂ ಬಂತು.

"ಕದ್ದೆ ಅಜ್ಜಯ್ಯ. ದುಗ್ಗಮ್ಮನ ರೀಪು ಕದ್ದೆ. ನನ್ನ ಕೆಟ್ಟ ರೀಪು ಅವಳ ರಾಶಿಗೆ ಹಾಕಿದೆ. ಅವು ಮುರಿದಾಗ ಎಲ್ಲರ ಎದುರಿಗೆ ಅವಳ ಕೈಯನ್ನು ಹೀಯಾಳಿಸಿದೆ. ಇಲ್ಲಿಯ ತನಕ ಬಾಯಿ ಬಿಡಲಿಲ್ಲ."

"ಇದನ್ನು ನನಗೆ ಯಾಕೆ ಹೇಳುತ್ತೀಯ? ನಾನು ನಿನಗೆ ಜೈ ಅಂದೆನಾ?"

ದಾಸರು ಹೊಳೆಯ ಕಡೆ ನೋಡಿದರು. ಆ ದಂಡೆಯಲ್ಲಿ ಮದ್ದಲೆ ನಿಂತಿರಲಿಲ್ಲ. ಆರತಿಗಳು ಮಿಣುಗುತ್ತಿದ್ದವು.

"ಅವರಿಗೂ ಹೇಳುತ್ತೇನೆ ಅಜ್ಜಯ್ಯ. ನಾಳೆ ಹೇಳುತ್ತೇನೆ. ದೋಣಿ ಮುಳುಗಿಹೋಯಿತು, ಮೈಯಲ್ಲಿ ತ್ರಾಣವಿಲ್ಲ. ಈಗ ಆಚೆಗೆ ಹೋಗುವುದು ಹೇಗೆ?"

"ಹೋಗುವುದು ಯಾಕೆ?" ಅಂದರು ಅಜ್ಜಯ್ಯ. "ಅವರು ಕೂಗಿದ್ದು ಇಲ್ಲಿಗೆ ಕೇಳಿತಲ್ಲ. ನೀನೂ ಕೂಗು."